ಕೋರ್ಟು ಶಿಕ್ಷೆ ಕೊಟ್ಟರೂ ಡಾಕ್ಟರ ಬೋರ್ಡು ಇಳಿದಿಲ್ಲವೇ? ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡುವ ದಾರಿ

ನಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ನಾನು ಸ್ವಯಂಸೇವಕಿ. ಒಂದು ಮಧ್ಯಾಹ್ನ ಹೆಣ್ಣುಮಗಳೊಬ್ಬಳು ಬಂದು ಎದುರಿನ ಬೆಂಚಿನಲ್ಲಿ ಕೂತಳು. ಚೀಲದಿಂದ ನಾಲ್ಕು ಮಡಿಕೆ ಹಾಕಿದ್ದ ಔಷಧಿ ಚೀಟಿ ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಸವರಿ ನೇರ ಮಾಡಿದಳು.

"ಅಕ್ಕಾ, ಇದು ಮೊನ್ನೆ ಮಂಗಳವಾರದ್ದು. ನಮ್ಮ ಓರಗಿತ್ತಿಗೆ ಬರೆದುಕೊಟ್ಟಿದ್ದಾನೆ. ಅವನಿಗೆ ಜೈಲು ಅಂತ ಜಡ್ಜ್ ಸಾಹೇಬ್ರು ಹೇಳಿದ್ರಲ್ವಾ? ಮತ್ತೆ ಈ ನಂಬರು ಹೆಂಗೆ ಉಳ್ಕೊಂತು?"

ಚೀಟಿಯ ಕೆಳಗೆ, ಫೋನ್ ನಂಬರಿನ ಪಕ್ಕದಲ್ಲಿ, ಡಾಕ್ಟರ ನೋಂದಣಿ ಸಂಖ್ಯೆ ಅಚ್ಚಾಗಿತ್ತು. ತಪಾಸಣೆ ಕೋಣೆಯಲ್ಲಿ ಅವಳ ಮೈಮುಟ್ಟಿ ಅನುಚಿತವಾಗಿ ನಡೆದುಕೊಂಡಿದ್ದಕ್ಕೆ ಅದೇ ಡಾಕ್ಟರಿಗೆ ಕೆಲವು ತಿಂಗಳ ಹಿಂದೆ ಶಿಕ್ಷೆಯಾಗಿತ್ತು. ಅಪೀಲು ಹಾಕಿ, ಜಾಮೀನು ಪಡೆದು, ಅದೇ ಕುರ್ಚಿಯಲ್ಲಿ ಕೂತಿದ್ದ.

ಅವಳ ಪ್ರಶ್ನೆಗೆ ಉತ್ತರ ಸರಳ, ಆದರೆ ತುಂಬಾ ಜನಕ್ಕೆ ಗೊತ್ತಿಲ್ಲ. ಜೈಲು ಶಿಕ್ಷೆ ಕೊಡುವುದು ಕೋರ್ಟು. ಡಾಕ್ಟರಿಕೆ ಮಾಡುವ ಹಕ್ಕು ಕೊಡುವುದು, ಕಿತ್ತುಕೊಳ್ಳುವುದು ಮೆಡಿಕಲ್ ಕೌನ್ಸಿಲ್. ಇವು ಎರಡು ಬೇರೆ ಬೇರೆ ಮನೆ. ಒಂದು ಮನೆಯ ಸುದ್ದಿ ಇನ್ನೊಂದಕ್ಕೆ ತಾನಾಗಿಯೇ ತಲುಪುತ್ತದೆ ಎಂದು ನಂಬಿ ಕೂರಬೇಡಿ. ತೀರ್ಪನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಡಬೇಕು. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆದಿದ್ದೇನೆ. ಚಿಕಿತ್ಸೆಯಲ್ಲಿ ಆದ ನಿರ್ಲಕ್ಷ್ಯದ ದೂರಿನ ದಾರಿ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಇದು ಕ್ರಿಮಿನಲ್ ಕೇಸಿನಲ್ಲಿ ಅಪರಾಧಿ ಎಂದು ತೀರ್ಪಾದ ವೈದ್ಯರ ಬಗ್ಗೆ ಮಾತ್ರ.

ಮೊದಲು: ನಿಜವಾಗಿ ತೀರ್ಪಾಗಿದೆಯೇ?

ಎಫ್‌ಐಆರ್ ಆದರೆ, ಅರೆಸ್ಟ್ ಆದರೆ, ಚಾರ್ಜ್‌ಶೀಟ್ ಹಾಕಿದರೆ ಅದು ಅಪರಾಧ ಸಾಬೀತಾದಂತೆ ಅಲ್ಲ. ಟಿವಿಯಲ್ಲಿ ಎಷ್ಟು ಸಲ ತೋರಿಸಿದರೂ ಅಲ್ಲ. ವಿಚಾರಣೆ ಮುಗಿದು, ಜಡ್ಜ್ ಅಪರಾಧಿ ಎಂದು ಹೇಳಿರಬೇಕು.

ಇಲ್ಲಿ ಜನ ಮೋಸ ಹೋಗುವ ಒಂದು ಜಾಗ ಇದೆ. ತೀರ್ಪಿನಲ್ಲಿ ಎರಡು ಭಾಗ ಇರುತ್ತವೆ. ಈತ ತಪ್ಪಿತಸ್ಥ ಎನ್ನುವುದು ಒಂದು. ಇಷ್ಟು ವರ್ಷ ಜೈಲು, ಇಷ್ಟು ದಂಡ ಎನ್ನುವುದು ಇನ್ನೊಂದು. ಅಪೀಲು ಹಾಕಿದಾಗ ಮೇಲಿನ ಕೋರ್ಟು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಅಮಾನತಿನಲ್ಲಿಟ್ಟು ಜಾಮೀನು ಕೊಡುತ್ತದೆ. ಆಗ "ಹೈಕೋರ್ಟಿಂದ ಸ್ಟೇ ಬಂದಿದೆ" ಎಂದು ಊರೆಲ್ಲ ಹಬ್ಬಿಸುತ್ತಾರೆ. ಶಿಕ್ಷೆ ಅಮಾನತಾದರೂ ಆತ ಅಪರಾಧಿ ಎನ್ನುವ ತೀರ್ಮಾನ ಹಾಗೇ ಉಳಿದಿರುತ್ತದೆ. ಆ ತೀರ್ಮಾನಕ್ಕೇ ತಡೆ ಕೊಟ್ಟಿದ್ದರೆ ಮಾತ್ರ ವಿಷಯ ಬೇರೆ. ಹಾಗಾಗಿ ಮೇಲಿನ ಕೋರ್ಟಿನ ಆದೇಶವನ್ನು ನೀವೇ ಓದಿ, ಇಲ್ಲವೇ ವಕೀಲರ ಹತ್ತಿರ ಓದಿಸಿ. ಬಾಯಿ ಮಾತು ನಂಬಬೇಡಿ.

ಅಪರಾಧ ಸಣ್ಣದು, ಜೈಲಾಗಿಲ್ಲ, ಬರೀ ದಂಡ ಎಂದು ಕೈಬಿಡಬೇಡಿ. ಇಂಗ್ಲೆಂಡಿನ ಹೆರಾಲ್ಡ್ ಶಿಪ್‌ಮನ್ ಹೆಸರು ನೀವು ಕೇಳಿರಬಹುದು. 1975ರಲ್ಲಿ ಆತ ಸುಳ್ಳು ಚೀಟಿ ಬರೆದು ಪೆಥಿಡಿನ್ ಎಂಬ ಮತ್ತಿನ ಔಷಧವನ್ನು ತನಗಾಗಿ ತೆಗೆದುಕೊಂಡು ಸಿಕ್ಕಿಬಿದ್ದ. 1976ರಲ್ಲಿ ಕೋರ್ಟು 600 ಪೌಂಡ್ ದಂಡ ಹಾಕಿತು. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಎಚ್ಚರಿಕೆಯ ಪತ್ರ ಬರೆದು ಸುಮ್ಮನಾಯಿತು. ಮರುವರ್ಷವೇ ಆತ ಹೈಡ್ ಎಂಬ ಊರಿನಲ್ಲಿ ಡಾಕ್ಟರಾಗಿ ಕೂತ. 2000ದ ಜನವರಿ 31ರಂದು ತನ್ನದೇ 15 ರೋಗಿಗಳನ್ನು ಕೊಂದದ್ದಕ್ಕೆ ಅವನಿಗೆ ಶಿಕ್ಷೆಯಾಯಿತು. ಆಮೇಲೆ ನಡೆದ ಸಾರ್ವಜನಿಕ ವಿಚಾರಣೆಯ ಮೊದಲ ವರದಿ, ಸತ್ತವರ ಲೆಕ್ಕ 215 ಎಂದಿತು. ಕೌನ್ಸಿಲ್ ಅವನ ಹೆಸರು ಕಿತ್ತುಹಾಕಿದ್ದು 2000ದ ಫೆಬ್ರುವರಿಯಲ್ಲಿ. ಎಲ್ಲ ಮುಗಿದ ಮೇಲೆ. ಸಣ್ಣ ಕೇಸಿನಲ್ಲಿ ಶಿಕ್ಷೆಯಾದವರೆಲ್ಲ ಕೊಲೆಗಾರರಾಗುತ್ತಾರೆ ಎಂದು ನಾನು ಖಂಡಿತ ಹೇಳುತ್ತಿಲ್ಲ. ರೋಗಿ ಬಟ್ಟೆ ಸಡಿಲಿಸಿ, ತೋಳು ಮುಂದೆ ಚಾಚಿ ಕೂರುವುದು ನಂಬಿಕೆಯ ಮೇಲೆ. ಆ ನಂಬಿಕೆ ಮುರಿದವರ ಕಾಗದಗಳನ್ನು ಕೌನ್ಸಿಲ್ ಒಮ್ಮೆಯಾದರೂ ಬಿಚ್ಚಿ ನೋಡಬೇಕು.

ಯಾರ ಹತ್ತಿರ ಹೋಗಬೇಕು?

ಎಂಬಿಬಿಎಸ್ ಮತ್ತು ಅದರ ಮೇಲಿನ ಅಲೋಪತಿ ಡಾಕ್ಟರಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಬೆಂಗಳೂರು. ಇದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ ನಡೆಯುವ ಸಂಸ್ಥೆ. ಕೆಎಂಸಿ ಎಂದೂ ಕರೆಯುತ್ತಾರೆ. ಕರಾವಳಿ ಕಡೆಯವರಿಗೆ ಕೆಎಂಸಿ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಅದಕ್ಕೇ ಅರ್ಜಿಯಲ್ಲಿ ಪೂರ್ತಿ ಹೆಸರು ಬರೆಯಿರಿ.

ಹಲ್ಲಿನ ಡಾಕ್ಟರಿಗೆ ರಾಜ್ಯ ದಂತ ವೈದ್ಯ ಪರಿಷತ್ತು, ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ರಾಜ್ಯ ಫಾರ್ಮಸಿ ಕೌನ್ಸಿಲ್, ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್. ಆಯುರ್ವೇದ, ಯುನಾನಿ ವೈದ್ಯರಿಗೆ ಒಂದು ಮಂಡಳಿ, ಹೋಮಿಯೋಪತಿಗೆ ಇನ್ನೊಂದು. ಶಿಕ್ಷೆಯಾದವರ ಹೆಸರು ತೆಗೆಯುವ ಅಧಿಕಾರ 1948ರ ಫಾರ್ಮಸಿ ಕಾಯ್ದೆಯಲ್ಲೂ ಇದೆ. ಮುಂದೆ ನಾನು ಹೇಳುವುದು ಅಲೋಪತಿ ಡಾಕ್ಟರ ಬಗ್ಗೆ. ಕಾಗದಪತ್ರದ ಕೆಲಸ ಉಳಿದವರಿಗೂ ಹೆಚ್ಚು ಕಡಿಮೆ ಇದೇ.

ಆತ ಡಾಕ್ಟರೇ ಅಲ್ಲ, ನಕಲಿ ಎಂದಾದರೆ ಕೌನ್ಸಿಲ್‌ನಲ್ಲಿ ತೆಗೆಯಲು ಹೆಸರೇ ಇರುವುದಿಲ್ಲ. ಆಗ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮತ್ತು ಪೊಲೀಸರಿಗೆ ದೂರು ಕೊಡಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ನೋಂದಣಿ ಇಲ್ಲದೆ ಡಾಕ್ಟರಿಕೆ ಮಾಡಿದರೆ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ನೋಂದಣಿ ಸಂಖ್ಯೆ ಹುಡುಕಿ

ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಕಾಣುವಂತೆ ಹಾಕಬೇಕು. ಔಷಧಿ ಚೀಟಿ, ಸರ್ಟಿಫಿಕೇಟ್, ಹಣದ ರಸೀದಿ ಮೇಲೂ ಇರಬೇಕು. ಇದು 2002ರ ವೈದ್ಯರ ನಡತೆ ನಿಯಮಾವಳಿಯ ಮಾತು. ಅದಕ್ಕೇ ಹಳೆಯ ಚೀಟಿಗಳನ್ನು ಎಸೆಯಬೇಡಿ. ನಂಬರು ಸಿಕ್ಕ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಎಂಬ ಪುಟ ಇದೆ, ಅಲ್ಲಿ ಹಾಕಿ ನೋಡಿ. ಹೆಸರು, ತಂದೆಯ ಹೆಸರು, ಯಾವ ರಾಜ್ಯದ ಕೌನ್ಸಿಲ್, ನೋಂದಣಿಯ ದಿನಾಂಕ ಸಿಗುತ್ತದೆ. ಆ ಪುಟವನ್ನು ಪ್ರಿಂಟ್ ತೆಗೆದು ಮೇಲೆ ತಾರೀಖು ಬರೆದಿಡಿ.

ತೀರ್ಪಿನ ದೃಢೀಕೃತ ನಕಲು

ಇಡೀ ದೂರು ನಿಲ್ಲುವುದು ಇದರ ಮೇಲೆ. ಪೇಪರ್ ಕಟಿಂಗ್, ವಾಟ್ಸ್ಆಪ್‌ನಲ್ಲಿ ಬಂದ ಪಿಡಿಎಫ್ ಇವೆಲ್ಲ ಸಾಲುವುದಿಲ್ಲ. ಕೋರ್ಟಿನ ನಕಲು ವಿಭಾಗದಿಂದ ಸೀಲು, ಸಹಿ ಇರುವ ಪ್ರತಿ ಬೇಕು.

ಕೇಸ್ ನಂಬರ್ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಆರೋಪಿಯ ಹೆಸರು, ವರ್ಷ ಹಾಕಿ ಹುಡುಕಿ. ಎಫ್‌ಐಆರ್ ನಂಬರಿನಿಂದಲೂ ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದೊಂದು ಬರೆದಿಟ್ಟುಕೊಂಡರೆ ಮುಂದೆ ಎಲ್ಲಿ ಹೋದರೂ ಕೆಲಸ ಸಲೀಸು. ನೀವೇ ದೂರುದಾರರೋ ಸಂತ್ರಸ್ತರೋ ಆಗಿದ್ದರೆ ನಕಲು ಸಿಗುವುದು ಕಷ್ಟವಲ್ಲ. ಕೇಸಿಗೆ ಸಂಬಂಧವಿಲ್ಲದವರಾದರೆ ಏಕೆ ಬೇಕು ಎಂದು ಕಾರಣ ಬರೆದು ಅರ್ಜಿ ಹಾಕಬೇಕು. "ಮೆಡಿಕಲ್ ಕೌನ್ಸಿಲ್‌ಗೆ ದೂರು ಸಲ್ಲಿಸಲು" ಎಂದು ನೇರವಾಗಿ ಬರೆಯಿರಿ, ಅದು ಸರಿಯಾದ ಕಾರಣವೇ. ಎರಡು ಪ್ರತಿ ಕೇಳಿ. ಒಂದು ಕೊಡಲಿಕ್ಕೆ, ಒಂದು ಇಟ್ಟುಕೊಳ್ಳಲಿಕ್ಕೆ.

ದುಡ್ಡಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬನ್ನಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತೀರ್ಪಿನವನೂ ರಿಜಿಸ್ಟರ್‌ನವನೂ ಒಬ್ಬನೇ ಎಂದು ತೋರಿಸಿ

ಈ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ. ಆದರೆ ಅರ್ಜಿಗಳು ಮುಗ್ಗರಿಸುವುದು ಜಾಸ್ತಿ ಇಲ್ಲೇ.

ಆ ಹೆಣ್ಣುಮಗಳ ತೀರ್ಪನ್ನು ರಿಜಿಸ್ಟರ್ ಪುಟದ ಪಕ್ಕ ಇಟ್ಟು ನೋಡಿದೆವು. ತೀರ್ಪಿನಲ್ಲಿ ಆರೋಪಿಯ ಹೆಸರಿನ ಮುಂದೆ ಡಾಕ್ಟರ್ ಎಂದೇ ಇರಲಿಲ್ಲ. ಇನಿಶಿಯಲ್ ಹಿಂದೆ ಮುಂದೆ ಆಗಿತ್ತು. ವಿಳಾಸ ಮನೆಯದು, ಕ್ಲಿನಿಕ್‌ನದಲ್ಲ. ರಿಜಿಸ್ಟರ್‌ನಲ್ಲಿ ಹೆಸರಿನ ಕೊನೆಗೆ ಊರಿನ ಹೆಸರು ಸೇರಿಕೊಂಡಿತ್ತು. ನೋಡಿದವರು "ಇದು ಬೇರೆ ಯಾರೋ ಇರಬೇಕು" ಎಂದು ಫೈಲ್ ಪಕ್ಕಕ್ಕಿಡುವುದಕ್ಕೆ ಅಷ್ಟು ಸಾಕು.

ನಾವು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆವು. ಎಡಗಡೆ ತೀರ್ಪಿನಲ್ಲಿ ಏನಿದೆ, ಬಲಗಡೆ ರಿಜಿಸ್ಟರ್‌ನಲ್ಲಿ ಏನಿದೆ. ತಂದೆಯ ಹೆಸರು ಎರಡರಲ್ಲೂ ಒಂದೇ. ವಯಸ್ಸು ತಾಳೆ ಬಂತು. ತೀರ್ಪಿನೊಳಗೆ, ಸಾಕ್ಷಿಯ ಹೇಳಿಕೆಯ ಭಾಗದಲ್ಲಿ, ಕ್ಲಿನಿಕ್‌ನ ಹೆಸರು ಇತ್ತು. ಅದೇ ಹೆಸರು ಮಂಗಳವಾರದ ಚೀಟಿಯ ತಲೆಯಲ್ಲಿತ್ತು, ಕೆಳಗೆ ನೋಂದಣಿ ಸಂಖ್ಯೆ. ಅಲ್ಲಿಗೆ ಸರಪಳಿ ಕೂಡಿತು. ತೀರ್ಪಿನಿಂದ ಕ್ಲಿನಿಕ್‌ಗೆ, ಕ್ಲಿನಿಕ್‌ನಿಂದ ಚೀಟಿಗೆ, ಚೀಟಿಯಿಂದ ರಿಜಿಸ್ಟರ್‌ಗೆ. ಅವಳು ಆ ಹಾಳೆಯನ್ನು ಎರಡು ಸಲ ಓದಿ, "ಇಷ್ಟೇನಾ ಅಕ್ಕಾ?" ಎಂದಳು. ಇಷ್ಟೇ. ಆದರೆ ಇದು ಬೇಕೇ ಬೇಕು. ಒಂದೇ ಹೆಸರಿನ ಇನ್ನೊಬ್ಬ ಡಾಕ್ಟರ ಮೇಲೆ ಕಳಂಕ ಬರಬಾರದು ಎನ್ನುವುದಕ್ಕೂ ಇದು ಬೇಕು.

ದೂರು ಬರೆಯುವುದು

ಕನ್ನಡದಲ್ಲೇ ಬರೆಯಿರಿ. ಎರಡು ಪುಟ ಸಾಕು. ಏನಾಯಿತು ಎಂಬ ಪೂರ್ತಿ ಕಥೆಯನ್ನು ಮತ್ತೆ ಹೇಳುವ ಅಗತ್ಯ ಇಲ್ಲ. ಕೋರ್ಟು ಅದನ್ನು ಕೇಳಿ, ತೂಗಿ, ತೀರ್ಮಾನ ಮಾಡಿಯಾಗಿದೆ. ನೋವನ್ನು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾದ ಶಿಕ್ಷೆ ನಿಮಗಿಲ್ಲ.

2002ರ ನಿಯಮಾವಳಿಯಲ್ಲಿ 7.5 ಎಂಬ ಅಂಶ ಇದೆ. ನೈತಿಕ ಅಧಃಪತನದ ಅಪರಾಧಕ್ಕೆ, ಕ್ರಿಮಿನಲ್ ಕೃತ್ಯಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಗುವುದೇ ವೃತ್ತಿ ದುರ್ನಡತೆ ಎನ್ನುತ್ತದೆ ಅದು. ನಿಮ್ಮ ದೂರಿನ ಗೂಟ ಅದೇ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂದಿತ್ತು. ಅದೇ ತಿಂಗಳು ಅದನ್ನು ತಡೆಹಿಡಿದು 2002ರದ್ದನ್ನೇ ಮುಂದುವರಿಸಿದರು. ಆದ್ದರಿಂದ ಹೊಸದರ ಅಂಶಗಳನ್ನು ಹಾಕಿ ಗೊಂದಲ ಮಾಡಿಕೊಳ್ಳಬೇಡಿ.

ನಾವು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಮಾನ್ಯರೇ, ತಮ್ಮ ಪರಿಷತ್ತಿನಲ್ಲಿ ಇಂಥ ಸಂಖ್ಯೆಯಲ್ಲಿ ನೋಂದಣಿಯಾಗಿರುವ ಇಂಥ ವೈದ್ಯರನ್ನು, ಇಂಥ ನ್ಯಾಯಾಲಯವು ಇಂಥ ಕೇಸಿನಲ್ಲಿ, ಇಂಥ ದಿನಾಂಕದಂದು, ಇಂಥ ಕಲಮಿನಡಿ ಅಪರಾಧಿ ಎಂದು ತೀರ್ಮಾನಿಸಿದೆ. ತೀರ್ಪಿನ ದೃಢೀಕೃತ ನಕಲು ಲಗತ್ತಿಸಿದೆ. ಈ ತೀರ್ಮಾನಕ್ಕೆ ಮೇಲಿನ ನ್ಯಾಯಾಲಯದಿಂದ ತಡೆ ಇರುವುದಿಲ್ಲ; ಶಿಕ್ಷೆ ಮಾತ್ರ ಅಮಾನತಿನಲ್ಲಿದೆ. ಅಪರಾಧ ನಡೆದಿದ್ದು ರೋಗಿಯ ತಪಾಸಣೆಯ ವೇಳೆಯಲ್ಲಿ. 2002ರ ನಿಯಮಾವಳಿಯ 7.5ರಂತೆ ಇದು ವೃತ್ತಿ ದುರ್ನಡತೆ. ವಿಚಾರಣೆ ನಡೆಸಿ ವೈದ್ಯರ ಹೆಸರನ್ನು ರಿಜಿಸ್ಟರ್‌ನಿಂದ ತೆಗೆಯಬೇಕೆಂದೂ, 8.5ರಂತೆ ದೂರು ಇತ್ಯರ್ಥವಾಗುವ ತನಕ ಅವರು ರೋಗಿಗಳನ್ನು ಒಂಟಿಯಾಗಿ ತಪಾಸಣೆ ಮಾಡದಂತೆ ತಡೆಯಬೇಕೆಂದೂ, ಆದೇಶವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ತಿಳಿಸಬೇಕೆಂದೂ ಕೋರುತ್ತೇನೆ."

8.5ರ ಕೋರಿಕೆಯನ್ನು ಮರೆಯಲೇಬೇಡಿ. ದೂರು ನಡೆಯುತ್ತಿರುವಾಗಲೇ, ಯಾವ ಕೆಲಸದ ಮೇಲೆ ದೂರು ಬಂದಿದೆಯೋ ಅದನ್ನು ಮಾಡದಂತೆ ತಡೆಯುವ ಅಧಿಕಾರ ಕೌನ್ಸಿಲ್‌ಗೆ ಇದೆ. ಕೇಳದಿದ್ದರೆ ಆ ವಿಷಯ ಎತ್ತುವವರೇ ಇರುವುದಿಲ್ಲ.

ಕೇಸು ಲೈಂಗಿಕ ದೌರ್ಜನ್ಯದ್ದಾಗಿದ್ದರೆ ಸಂತ್ರಸ್ತೆಯ ಹೆಸರು, ವಿಳಾಸ, ಗುರುತು ಸಿಗುವ ಯಾವುದನ್ನೂ ಬೇರೆಯವರು ಎಲ್ಲೂ ಬಹಿರಂಗ ಮಾಡುವಂತಿಲ್ಲ. ಮಗುವಾಗಿದ್ದರೆ ಪೋಕ್ಸೋ ಕಾಯ್ದೆ ಇನ್ನೂ ಬಿಗಿ. ಅಂಥ ಕಾಗದಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಮೇಲೆ "ಗೋಪ್ಯ" ಎಂದು ಬರೆಯಿರಿ. ಫೇಸ್‌ಬುಕ್ಕಿನಲ್ಲಿ ಹಾಕುವ ಆಸೆ ಬರುತ್ತದೆ, ಅರ್ಥವಾಗುತ್ತದೆ. ದಯವಿಟ್ಟು ಬೇಡ.

ಕೆಳಗೆ ನಿಮ್ಮ ಹೆಸರು, ವಿಳಾಸ, ಸಹಿ ಇರಲಿ. ಹೆಸರಿಲ್ಲದ ಅರ್ಜಿ ಮೂಲೆ ಸೇರುತ್ತದೆ. ಅಫಿಡವಿಟ್ ಬೇಕೇ, ಎಷ್ಟು ಸೆಟ್ ಕೊಡಬೇಕು ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಬೆಂಗಳೂರಿಗೆ ಎರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ. ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಳ್ಳಿ. ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಮುಂದಿನ ಎಲ್ಲ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.

ಕೌನ್ಸಿಲ್‌ನಲ್ಲಿ ಏನಾಗುತ್ತದೆ

ಡಾಕ್ಟರಿಗೆ ನೋಟಿಸ್ ಹೋಗುತ್ತದೆ. ಅವರು ಉತ್ತರ ಕೊಡುತ್ತಾರೆ. ಖುದ್ದಾಗಿಯೋ ವಕೀಲರ ಮೂಲಕವೋ ತಮ್ಮ ಮಾತು ಹೇಳುವ ಹಕ್ಕು ಅವರಿಗೆ ಇದೆ, ಇರಬೇಕು ಕೂಡ. ನಿಮ್ಮನ್ನೂ ಕರೆಯಬಹುದು. ಹೋದಾಗ ಮೂಲ ಕಾಗದ ಒಯ್ಯಿರಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಘಟನೆಯ ಬಗ್ಗೆ ಅಡ್ಡ ಪ್ರಶ್ನೆ ಶುರುವಾದರೆ ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳಿ: "ಅದೆಲ್ಲ ಕೋರ್ಟಿನಲ್ಲಿ ಹೇಳಿದ್ದೇನೆ ಸರ್, ತೀರ್ಪಿನಲ್ಲಿದೆ."

ದೂರನ್ನು 6 ತಿಂಗಳಲ್ಲಿ ತೀರ್ಮಾನ ಮಾಡಬೇಕು ಎಂದು ನಿಯಮ 8.4 ಹೇಳುತ್ತದೆ. ಸುಮ್ನೆ ಕಾಯಬೇಡಿ. ಎರಡು ತಿಂಗಳಿಗೊಮ್ಮೆ ಒಂದು ನೆನಪೋಲೆ ಬರೆಯಿರಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು "ನನ್ನ ದೂರಿನ ಮೇಲೆ ಇದುವರೆಗೆ ತೆಗೆದುಕೊಂಡ ಕ್ರಮದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಎಂದು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟುವಂತಿಲ್ಲ. ಉತ್ತರ ಕೊಡಲು 30 ದಿನ ಇದೆ.

6 ತಿಂಗಳು ಕಳೆದರೂ ಅಲುಗಾಟ ಇಲ್ಲವೆಂದರೆ, ನಿಯಮ 8.7 ಉಲ್ಲೇಖಿಸಿ ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ ಬರೆಯಿರಿ. ದೂರು ತಳ್ಳಿಹಾಕಿದರೆ ಅಥವಾ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರೆ ಅಪೀಲು ಯಾರು ಹಾಕಬಹುದು ಎಂಬಲ್ಲಿ ಕಾನೂನಿನಲ್ಲೇ ಒಂದು ತೊಡಕು ಇದೆ. 2002ರ ನಿಯಮ 8.8, ಆದೇಶದಿಂದ ನೊಂದ ಯಾರೇ ಆದರೂ 60 ದಿನದೊಳಗೆ ಅಪೀಲು ಹೋಗಬಹುದು ಎನ್ನುತ್ತದೆ. 2019ರ ಕಾಯ್ದೆಯ 30ನೇ ಕಲಮು ಅಪೀಲಿನ ಮಾತಾಡುವಾಗ ವೈದ್ಯರನ್ನು ಮಾತ್ರ ಹೆಸರಿಸುತ್ತದೆ. ರೋಗಿಯನ್ನು ಹೀಗೆ ಬಾಗಿಲ ಹೊರಗೆ ನಿಲ್ಲಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನನ್ನ ಸಲಹೆ: 60 ದಿನ ದಾಟಿಸದೆ 8.8ರಡಿ ಅಪೀಲು ಕಳಿಸಿ. ವಾಪಸ್ ಬಂದರೆ ಆ ಕಾಗದ ಹಿಡಿದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ನಿಮ್ಮ ಜಿಲ್ಲೆ ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠವೂ ಇದೆ. ಇದಕ್ಕೂ ಉಚಿತ ವಕೀಲರನ್ನು ಕೇಳಬಹುದು.

ಭ್ರೂಣಲಿಂಗ ಪತ್ತೆ ಕೇಸಾದರೆ ದಾರಿ ಹತ್ತಿರ

2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆಯ ಒಂದು ಜಾಲ ಹಿಡಿದಾಗ ನಾಡೇ ಬೆಚ್ಚಿತ್ತಲ್ವಾ? ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬುದು ಆರೋಪ. ಬೆಲ್ಲ ಬೇಯುವ ಜಾಗದಲ್ಲಿ. ತನಿಖೆ ಸಿಐಡಿಗೆ ಹೋಯಿತು. ಆರೋಪ ಇನ್ನೂ ಆರೋಪವೇ, ತೀರ್ಪು ಕೊಡುವುದು ಕೋರ್ಟು. ಆದರೆ ಇಂಥ ಕೇಸುಗಳಲ್ಲಿ ಕಾನೂನು ತೀರ್ಪಿನವರೆಗೂ ಕಾಯುವುದಿಲ್ಲ.

ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ 23(2)ನೇ ಕಲಮು ಹೀಗಿದೆ: ಕೋರ್ಟು ಆರೋಪ ಹೊರಿಸಿದ ಕೂಡಲೇ, ಕೇಸು ಮುಗಿಯುವ ತನಕ ನೋಂದಣಿ ಅಮಾನತು ಮಾಡುವುದೂ ಸೇರಿ ಕ್ರಮ ತೆಗೆದುಕೊಳ್ಳಲು ಸಕ್ಷಮ ಪ್ರಾಧಿಕಾರವು (ಈ ಕಾಯ್ದೆ ಜಾರಿ ಮಾಡಲು ನೇಮಿಸಿದ ಅಧಿಕಾರಿ) ಡಾಕ್ಟರ ಹೆಸರನ್ನು ರಾಜ್ಯ ಕೌನ್ಸಿಲ್‌ಗೆ ಕಳಿಸಬೇಕು. ಅಪರಾಧ ಸಾಬೀತಾದರೆ ಮೊದಲ ಸಲಕ್ಕೆ 5 ವರ್ಷ ಹೆಸರು ತೆಗೆಯಬೇಕು, ಮತ್ತೆ ಮಾಡಿದರೆ ಶಾಶ್ವತವಾಗಿ. ಪ್ರಸೂತಿ ತಜ್ಞರ ಸಂಘಟನೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ಮೇ 3ರಂದು ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು.

ಹಾಗಾಗಿ ಇಲ್ಲಿ ಎರಡು ಕಡೆ ಬರೆಯಿರಿ. ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ: "ಹೆಸರು ಕಳಿಸಿದ್ದೀರಾ, ಯಾವ ತಾರೀಖಿಗೆ?" ಕೌನ್ಸಿಲ್‌ಗೆ: "ಹೆಸರು ಬಂದಿದೆಯಾ, ಏನು ಮಾಡಿದ್ದೀರಿ?" ಎರಡೂ ಉತ್ತರ ಪಕ್ಕಪಕ್ಕ ಇಟ್ಟರೆ ಕಡತ ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಪ್ರಾಧಿಕಾರ ಯಾವುದು ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಸರ್ಕಾರಿ ಡಾಕ್ಟರಾದರೆ

ಇನ್ನೊಂದು ಅರ್ಜಿ ಆರೋಗ್ಯ ಇಲಾಖೆಗೆ ಹೋಗಬೇಕು. ಅಪರಾಧ ಸಾಬೀತಾದ ನೌಕರರ ಮೇಲೆ ಮತ್ತೆ ಇಲಾಖಾ ವಿಚಾರಣೆ ಇಲ್ಲದೆಯೇ ಕ್ರಮ ತೆಗೆದುಕೊಳ್ಳಲು ಸರ್ಕಾರಿ ನೌಕರರ ಶಿಸ್ತು ಕ್ರಮದ 1957ರ ಸಿಸಿಎ ನಿಯಮಗಳಲ್ಲಿ ಅವಕಾಶ ಇದೆ. ಆದರೆ ಇದು ನೌಕರಿಯ ವಿಷಯ. ನೌಕರಿ ಹೋದ ಡಾಕ್ಟರು ಮರುದಿನವೇ ಸ್ವಂತ ಕ್ಲಿನಿಕ್ ತೆರೆಯಬಹುದು. ಅದಕ್ಕೇ ಕೌನ್ಸಿಲ್ ದೂರನ್ನು ಬಿಡುವಂತಿಲ್ಲ.

ಆದೇಶ ಬಂದ ಮೇಲೆ

ಹೆಸರು ತೆಗೆದರೆ ಅದನ್ನು ಪತ್ರಿಕೆಗಳಲ್ಲಿ ಪ್ರಚಾರ ಮಾಡಬೇಕು ಎಂದು 2002ರ ನಿಯಮಾವಳಿಯಲ್ಲೇ ಇದೆ. ಮಾಡದಿದ್ದರೆ ಕೇಳಿ. ಕೆಲವು ವಾರ ಬಿಟ್ಟು ರಾಷ್ಟ್ರೀಯ ರಿಜಿಸ್ಟರ್ ಮತ್ತೆ ತೆರೆದು ನೋಡಿ. ರಾಜ್ಯದ ಪಟ್ಟಿಯಲ್ಲಿ ಆದ ಬದಲಾವಣೆ ಅಲ್ಲೂ ಕಾಣಬೇಕು, ಇಲ್ಲವಾದರೆ ಆತ ಇನ್ನೊಂದು ರಾಜ್ಯದಲ್ಲಿ ಬೋರ್ಡು ಹಾಕಿಕೊಳ್ಳಬಹುದು. ಆದೇಶದ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ. ಖಾಸಗಿ ಕ್ಲಿನಿಕ್‌ಗಳ ನೋಂದಣಿ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲೇ ಇರುತ್ತದೆ, ಬೀಗ ಹಾಕಿಸುವವರು ಅವರೇ.

ಇಷ್ಟು ವರ್ಷಕ್ಕೆ ಎಂದು ಅವಧಿ ಹಾಕಿ ಹೆಸರು ತೆಗೆದಿದ್ದರೆ ಆ ಅವಧಿ ಮುಗಿಯುವ ದಿನವನ್ನು ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಪೀಲಿನಲ್ಲಿ ಏನಾಯಿತು ಎಂದು ಆ ಅಪೀಲಿನ ಸಿಎನ್‌ಆರ್ ಹಾಕಿ ಆಗಾಗ ನೋಡುತ್ತಿರಿ. ಮೇಲಿನ ಕೋರ್ಟು ನಿರ್ದೋಷಿ ಎಂದರೆ ಆ ತೀರ್ಪನ್ನೂ ಕೌನ್ಸಿಲ್‌ಗೆ ಕೊಡುವುದು ನ್ಯಾಯ. ಶಿಕ್ಷೆ ಕಾಯಂ ಆದರೆ ಅದರ ನಕಲು ತೆಗೆದು ಹಳೆಯ ದೂರಿನ ಸಂಖ್ಯೆ ಬರೆದು ಕಳಿಸಿ. ಆ ಹೆಣ್ಣುಮಗಳು ಈಗ ತಿಂಗಳಿಗೊಮ್ಮೆ ತನ್ನ ಮಗನ ಮೊಬೈಲಿನಲ್ಲಿ ಅದನ್ನೇ ನೋಡುತ್ತಾಳೆ. ಚೀಟಿ, ತೀರ್ಪು, ಗೆರೆ ಎಳೆದ ಹಾಳೆ, ಟಪಾಲಿನ ಸೀಲು ಇರುವ ಪ್ರತಿ, ಎಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ.